ಬೆನ್ನಿನ ಮೇಲ್ಭಾಗ ಪದೇ ಪದೇ ಹಿಡಿದುಕೊಂಡರೆ: ಮೋಟಾರ್ ರಿಪೇರಿಯವನೊಬ್ಬನ ದೋಷ ನಿವಾರಣೆ ಕೈಪಿಡಿ

ಮಂಡ್ಯದಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರ್, ನಾಲೆ ಪಕ್ಕದ ಪಂಪ್‌ಸೆಟ್, ಆಲೆಮನೆಯ ಗಾಣದ ಮೋಟಾರ್, ಬೇಸಿಗೆ ಬಂದರೆ ಸೀಲಿಂಗ್ ಫ್ಯಾನ್, ಸುಟ್ಟದ್ದೆಲ್ಲ ನಮ್ಮ ಬೆಂಚಿಗೆ ಬರುತ್ತದೆ. ನಮ್ಮ ಕಡೆ ಒಂದು ಹಳೇ ಚಾಳಿ ಇದೆ. ಲೋಡ್ ಹೆಚ್ಚಾದರೆ ಕರೆಂಟ್ ಕಡಿದು ಮೋಟಾರನ್ನು ಉಳಿಸಲು ಸ್ಟಾರ್ಟರ್‌ನಲ್ಲಿ ಓವರ್‌ಲೋಡ್ ರಿಲೇ ಅಂತ ಒಂದು ಭಾಗ ಇರುತ್ತದೆ. ಅದು ಮೇಲಿಂದ ಮೇಲೆ ಟ್ರಿಪ್ ಆದರೆ, ಅಂದರೆ ಕರೆಂಟ್ ಕಡಿದರೆ, ಯಾಕೆ ಅಂತ ಯಾರೂ ನೋಡುವುದಿಲ್ಲ. ಟ್ರಿಪ್ ಆಗದ ಹಾಗೆ ಒಂದು ಕಡ್ಡಿ ಸಿಕ್ಕಿಸುತ್ತಾರೆ, ಇಲ್ಲ ದಾರ ಕಟ್ಟುತ್ತಾರೆ. ಗದ್ದೆಗೆ ನೀರು ಹರಿಯುತ್ತದೆ. ಹದಿನೈದು ದಿನದಲ್ಲಿ ಮೋಟಾರ್ ನನ್ನ ಮುಂದೆ ಇರುತ್ತದೆ, ಕರ್ರಗೆ.

ಅವರನ್ನೆಲ್ಲ ಬೈಯುತ್ತಾ ಕೂತಿದ್ದ ನಾನು ನನ್ನ ಬೆನ್ನಿಗೆ ಎರಡು ವರ್ಷ ಅದೇ ಕಡ್ಡಿ ಸಿಕ್ಕಿಸಿಕೊಂಡಿದ್ದೆ. ಬಲಗಡೆ ಹೆಗಲ ಹಲಗೆಗೂ ಬೆನ್ನುಮೂಳೆಗೂ ನಡುವೆ, ಸರಿಯಾಗಿ ಒಂದು ಮುಷ್ಟಿಯಷ್ಟು ಜಾಗ. ಬೆಳಗ್ಗೆ ಎದ್ದು ಹಲ್ಲುಜ್ಜಲು ಬಗ್ಗಿದರೆ ಯಾರೋ ಒಳಗಿನಿಂದ ಇಕ್ಕಳ ಹಾಕಿ ತಿರುವಿದ ಹಾಗೆ. ಕತ್ತು ತಿರುಗದು, ಉಸಿರು ಪೂರ್ತಿ ಎಳೆಯಲಾಗದು. ಮೂರು ದಿನ, ನಾಲ್ಕು ದಿನ ಹಾಗೇ. ಆಮೇಲೆ ತಾನಾಗಿ ಬಿಡುತ್ತದೆ. ಒಂದು ತಿಂಗಳು ಕಳೆದು ಮತ್ತೆ.

ನಾನು ಡಾಕ್ಟರಲ್ಲ. ದೋಷ ಹುಡುಕುವುದು ನನ್ನ ಕಸುಬು, ಅಷ್ಟೇ. ಆ ಕಸುಬಿನ ಕ್ರಮದಲ್ಲೇ ಇದನ್ನು ಬರೆದಿದ್ದೇನೆ.

ಮುಟ್ಟುವ ಮೊದಲು ಮೇನ್ ಆಫ್ ಮಾಡಿ

ಯಾವ ಮೋಟಾರನ್ನೂ ಕರೆಂಟ್ ಇರುವಾಗ ಬಿಚ್ಚುವುದಿಲ್ಲ ಅಲ್ವಾ? ಹಾಗೆಯೇ ಬೆನ್ನಿನ ನೋವನ್ನು "ಬರೀ ಹಿಡಿದುಕೊಂಡಿದೆ" ಅಂದುಕೊಳ್ಳುವ ಮೊದಲು, ಅದು ಸ್ನಾಯುವಿನದ್ದೇ ಹೌದಾ ಅಂತ ನೋಡಬೇಕು. ಬೆನ್ನಿನ ಮೇಲ್ಭಾಗಕ್ಕೆ ಬೇರೆ ಬೇರೆ ಕಡೆಯಿಂದ ವೈರ್ ಬಂದಿದೆ. ಹೃದಯ, ಪಿತ್ತಕೋಶ, ಶ್ವಾಸಕೋಶ, ಕತ್ತು, ಇವೆಲ್ಲ ಕೆಟ್ಟಾಗ ನೋವು ಅಲ್ಲಿ ಕಾಣಿಸಿಕೊಳ್ಳಬಹುದು.

ನಮ್ಮಲ್ಲಿ ಎಲ್ಲದಕ್ಕೂ ಒಂದೇ ಹೆಸರು: ಗ್ಯಾಸ್. ಬೆನ್ನು ಹಿಡಿಯಿತಾ, ಗ್ಯಾಸು. ಎದೆ ಬಿಗಿಯಿತಾ, ಗ್ಯಾಸು. ಒಂದು ಸೋಡಾ ಕುಡಿ, ಜೀರಿಗೆ ಕಷಾಯ ಕುಡಿ, ಮಲಗು. ಈ ಮಾತಿನಿಂದ ನಮ್ಮ ಬೀದಿಯಲ್ಲೇ ಒಬ್ಬರು ಆಸ್ಪತ್ರೆಗೆ ತಡವಾಗಿ ಹೋದರು. ಹೃದಯಾಘಾತ ಅಂದರೆ ಎಡ ಎದೆಯನ್ನು ಹಿಡಿದುಕೊಂಡು ಬೀಳುವುದೇ ಆಗಬೇಕೆಂದಿಲ್ಲ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಬೆನ್ನಿನ ಮೇಲ್ಭಾಗದ ನೋವು, ದವಡೆ ನೋವು, ಸುಸ್ತು, ವಾಕರಿಕೆ ಹೀಗೂ ಬರುತ್ತದೆ. ನೋವಿನ ಜೊತೆ ಬೆವರು, ಉಸಿರು ಕಟ್ಟುವುದು, ಎದೆ ಬಿಗಿತ, ತೋಳು ಅಥವಾ ದವಡೆಗೆ ಹರಡುವುದು, ಇವುಗಳಲ್ಲಿ ಒಂದಿದ್ದರೂ ಬಿಸಿನೀರಿನ ಚೀಲ ಹುಡುಕಬೇಡಿ. 108ಕ್ಕೆ ಫೋನ್ ಮಾಡಿ. ಮೈಸೂರಿನಲ್ಲಿ ಇರುವವರಿಗೆ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇದೆ. ಗ್ಯಾಸೇ ಆಗಿದ್ದರೆ ನಗುತ್ತಾ ವಾಪಸ್ ಬರಬಹುದು.

ಹೆಗಲ ಹಲಗೆಗಳ ನಡುವೆ ಇದ್ದಕ್ಕಿದ್ದ ಹಾಗೆ, ಬಟ್ಟೆ ಸೀಳಿದ ಹಾಗೆ, ಹಿಂದೆಂದೂ ಕಾಣದ ನೋವು ಬಂದರೂ ಅಷ್ಟೇ. ದೊಡ್ಡ ರಕ್ತನಾಳದ ಗೋಡೆ ಸೀಳಿದಾಗ ಹಾಗಾಗುತ್ತದೆ. ಬಿಪಿ ಇರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ಕೆಲವು ಅಷ್ಟು ಅವಸರದವಲ್ಲ, ಆದರೆ ಸ್ನಾಯುವಿನ ದೋಷವೂ ಅಲ್ಲ. ಬಾಡೂಟ ಉಂಡು ಗಂಟೆ ಎರಡು ಗಂಟೆಗೆ ಬಲ ಹೆಗಲ ಹಲಗೆಯ ಕಡೆ ಹಿಡಿಯುತ್ತದೆ, ಹೊಟ್ಟೆಯ ಬಲಗಡೆ ಮೇಲೆ ಒತ್ತಿದರೆ ನೋವು, ಹಾಗಿದ್ದರೆ ಪಿತ್ತಕೋಶದ ಕಲ್ಲನ್ನು ನೋಡಿಸಿ. ಬೆನ್ನಿನ ಒಂದೇ ಪಕ್ಕದಲ್ಲಿ ಪಟ್ಟಿ ಎಳೆದ ಹಾಗೆ ಉರಿ, ಬಟ್ಟೆ ತಾಗಿದರೂ ಚುರ್ ಅನ್ನುವುದು, ಎರಡು ಮೂರು ದಿನಕ್ಕೆ ನೀರುಗುಳ್ಳೆ: ಅದು ಸರ್ಪಸುತ್ತು. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರು ಮಾಡಿದರೆ ಒಳ್ಳೆಯದು. ಬಾಲ ತಲೆ ಕೂಡಿದರೆ ಸಾವು ಅಂತ ಹೆದರಿಸುವವರ ಮಾತು ಬಿಡಿ, ಆದರೆ ಮಸಿ ಬಳಿದುಕೊಂಡು ಆ ಮೂರು ದಿನ ಕಳೆಯಬೇಡಿ. ರಾತ್ರಿ ಮಲಗಿದರೂ ಬಿಡದ ನೋವು, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು; ನಮ್ಮ ದೇಶದಲ್ಲಿ ಅದು ಅಪರೂಪವೇನಲ್ಲ. ಕಾಲಿನಲ್ಲಿ ಬಲ ಕಡಿಮೆ ಆದರೆ, ಮೂತ್ರ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆ. ವಯಸ್ಸಾದ ಅಜ್ಜಿ ಜಾರಿ ಕೂತ ಮೇಲೆ ಬೆನ್ನು ನೋವು ಅಂದರೆ ಮೊದಲು ಎಕ್ಸ್‌ರೇ, ಆಮೇಲೆ ಎಣ್ಣೆ.

ಇವ್ಯಾವುವೂ ಇಲ್ಲ, ನೋವು ಒಂದು ಬೆರಳಲ್ಲಿ ತೋರಿಸುವಂತಿದೆ, ಒತ್ತಿದರೆ ಜಾಸ್ತಿ, ಒಂದು ಭಂಗಿಯಲ್ಲಿ ಹೆಚ್ಚು ಇನ್ನೊಂದರಲ್ಲಿ ಕಡಿಮೆ ಅಂದರೆ, ಹೆಚ್ಚಾಗಿ ಸ್ನಾಯುವಿನದ್ದೇ. ಮುಂದೆ ಓದಿ.

ಟ್ರಿಪ್ ಆದ ಹೊತ್ತಿನಲ್ಲಿ

ಮೊದಲ ತಪ್ಪು, ಹಿಡಿದ ಕಡೆಗೆ ವಿರುದ್ಧವಾಗಿ ಜೋರಾಗಿ ತಿರುಗಿ ಬಿಡಿಸಿಕೊಳ್ಳಲು ನೋಡುವುದು. ನಾನೂ ಮಾಡಿದ್ದೇನೆ. ಜಾಮ್ ಆದ ಶಾಫ್ಟಿಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಅದು. ಸ್ನಾಯು ಸೆಟೆದುಕೊಂಡಿರುವುದು ಆ ಜಾಗವನ್ನು ಕಾಪಾಡಲು. ನೀವು ಎಳೆದಷ್ಟೂ ಅದು ಬಿಗಿಯುತ್ತದೆ.

ಕೂತರೆ ಸುಖವೋ ಮಲಗಿದರೆ ಸುಖವೋ ಅದನ್ನು ಮಾಡಿ. ನನಗೆ ಒಗ್ಗಿದ್ದು ಇದು: ಗೋಡೆಗೆ ಒರಗಿ ಕೂತು, ನೋವಿರುವ ಕಡೆಯ ಕೈಗೆ ಮೊಣಕೈ ಕೆಳಗೆ ಎರಡು ದಿಂಬು. ತೋಳಿನ ಭಾರ ಪೂರ್ತಿ ದಿಂಬಿನ ಮೇಲೆ ಬೀಳಬೇಕು. ಹೆಗಲ ಹಲಗೆ ಎಲುಬಿನ ಗೂಡಿಗೆ ಮೂಳೆಯಿಂದ ಸೇರಿರುವುದು ಕೊರಳ ಮುಂದಿನ ಕಾಲರ್ ಮೂಳೆಯ ಮೂಲಕ ಮಾತ್ರ. ಉಳಿದಂತೆ ಅದು ಸ್ನಾಯುಗಳಲ್ಲೇ ತೂಗಾಡುತ್ತದೆ. ಅಂದರೆ ಇಡೀ ತೋಳನ್ನು ದಿನಪೂರ್ತಿ ಹೊರುವುದು ಕತ್ತಿನಿಂದ ಬೆನ್ನಿಗೆ ಇಳಿದ ಆ ಸ್ನಾಯುಗಳೇ. ತೋಳಿನ ಕೆಳಗೆ ದಿಂಬು ಬಂದ ಕೂಡಲೇ ಅವಕ್ಕೆ ರಜೆ. ಐದು ನಿಮಿಷದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಆಗ ಮೂಗಿನಿಂದ ನಿಧಾನ ಉಸಿರು ಎಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಬಿಡಿ. ಪೂರ್ತಿ ಎಳೆಯಲು ಆಗದಿದ್ದರೆ ಆದಷ್ಟೇ ಸಾಕು.

ಆಮೇಲೆ ಶಾಖ. ನಮ್ಮ ಅಮ್ಮ ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟುತ್ತಾರೆ. ಹುರುಳಿಕಾಳೂ ಆಗುತ್ತದೆ, ಬಿಸಿನೀರಿನ ಚೀಲವೂ ಆಗುತ್ತದೆ. 15ರಿಂದ 20 ನಿಮಿಷ, ನಡುವೆ ಒಂದು ಬಟ್ಟೆ ಇರಲಿ. ಸಕ್ಕರೆ ಕಾಯಿಲೆಯಿಂದ ಚರ್ಮ ಮರಗಟ್ಟಿದವರು ಬಿಸಿಯನ್ನು ಬೇರೆಯವರ ಕೈಯಲ್ಲಿ ನೋಡಿಸಬೇಕು. ನೋವಿನ ಬಾಮ್ ಹಚ್ಚಿ ಅದರ ಮೇಲೆ ಶಾಖ ಕೊಡಬೇಡಿ, ಚರ್ಮ ಸುಡುತ್ತದೆ. ಎರಡರಲ್ಲಿ ಒಂದು ಸಾಕು. ಕೆಲವರಿಗೆ ಐಸ್ ಹಿತ. ಇದು ನಿಯಮದ ಮಾತಲ್ಲ, ನಿಮಗೆ ಯಾವುದು ಸುಖವೋ ಅದು.

ಸ್ವಲ್ಪ ಸಡಿಲವಾದ ಮೇಲೆ ಮಕ್ಕಳ ಟೆನಿಸ್ ಬಾಲ್ ಒಂದನ್ನು ಕಾಲುಚೀಲದೊಳಗೆ ಹಾಕಿ, ಗೋಡೆಗೂ ಬೆನ್ನಿಗೂ ನಡುವೆ ಇಟ್ಟು ಒರಗಿ. ಕಾಲುಚೀಲದ ತುದಿ ಹೆಗಲ ಮೇಲಿಂದ ಕೈಯಲ್ಲಿರಲಿ, ಚೆಂಡು ಜಾರುವುದಿಲ್ಲ. ನೋವಿನ ಜಾಗದಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ. ಮೂಳೆಯ ಸಾಲಿನ ಮೇಲೆ ಬೇಡ, ಪಕ್ಕದ ಮಾಂಸದ ಮೇಲೆ ಮಾತ್ರ. ಆ "ಗಂಟು" ನಿಜವಾಗಿ ಏನು ಅನ್ನುವುದರಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಒತ್ತಿದರೆ ಹಗುರ ಆಗುತ್ತದೆ ಅನ್ನುವುದು ಮಾತ್ರ ನನ್ನ ಬೆನ್ನಿಗೆ ಗೊತ್ತು.

ಮಾತ್ರೆ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಮೊದಲೆರಡು ದಿನ ನೋವು ತಗ್ಗಿದರೆ ಓಡಾಡಲು ಆಗುತ್ತದೆ, ಓಡಾಡಿದರೆ ಬೇಗ ಬಿಡುತ್ತದೆ. ಪ್ಯಾರಾಸಿಟಮಾಲ್ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. ಕುಡಿಯುವ ಅಭ್ಯಾಸ, ಲಿವರ್ ತೊಂದರೆ ಇದ್ದರೆ ಇನ್ನೂ ಕಡಿಮೆ, ಡಾಕ್ಟರನ್ನು ಕೇಳಿ. ಐಬುಪ್ರೊಫೆನ್, ಡೈಕ್ಲೋಫಿನಾಕ್ ಥರದವು ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಹೃದಯದ ಕಾಯಿಲೆ ಇರುವವರಿಗೆ ಅಲ್ಲ. ಸ್ನಾಯು ಸಡಿಲಿಸುವ ಮಾತ್ರೆಗಳಲ್ಲಿ ಕೆಲವು ತೂಕಡಿಕೆ ತರುತ್ತವೆ. ಟೈಜಾನಿಡೀನ್ ತೆಗೆದುಕೊಂಡು ಸ್ಕೂಟರ್ ಹತ್ತಬೇಡಿ.

ನಾನು ಸಿಕ್ಕಿಸಿಕೊಂಡ ಕಡ್ಡಿ ಬೇರೆ. ಒಂದು ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ಪೊಟ್ಟಣ. ಪೇಪರಿನಲ್ಲಿ ಮೂರು ಬಣ್ಣದ ಮಾತ್ರೆ, ಹೆಸರಿಲ್ಲ. ಒಂದೇ ದಿನಕ್ಕೆ ನೋವು ಮಾಯ. ಎರಡು ವರ್ಷ ಅದರಲ್ಲೇ ಕಳೆಯಿತು. ಕೊನೆಗೆ ಡಾಕ್ಟರೊಬ್ಬರು ಪೊಟ್ಟಣ ಬಿಚ್ಚಿ ನೋಡಿ ಅದರಲ್ಲೊಂದು ಸ್ಟೀರಾಯ್ಡ್ ಅಂದರು. ಸುಮ್ನೆ ಒಂದು ಬೆನ್ನು ನೋವಿಗೆ!

ಇನ್ನೊಂದು, ಕ್ಷೌರದಂಗಡಿಯಲ್ಲಿ ಕತ್ತು ಹಿಡಿದು ಎರಡೂ ಕಡೆ ನೆಟಿಕೆ ತೆಗೆಸಿಕೊಳ್ಳುವುದು. ಆ ಸದ್ದು ಕೇಳಿದರೆ ಏನೋ ಸರಿಹೋಯಿತು ಅನಿಸುತ್ತದೆ, ನಿಜ. ಆದರೆ ಕತ್ತಿನ ಮೂಳೆಗಳ ತೂತಿನೊಳಗೆ ಮೆದುಳಿಗೆ ಹೋಗುವ ರಕ್ತನಾಳ ಇದೆ. ಝಾಡಿಸಿ ತಿರುವಿದಾಗ ಅದು ಸೀಳಿ ಪಾರ್ಶ್ವವಾಯು ಆದ ಉದಾಹರಣೆಗಳು ಅಪರೂಪಕ್ಕಾದರೂ ಇವೆ. ತಲೆ ಎಣ್ಣೆ ಮಾಲೀಶು ಮಾಡಿಸಿ, ಕತ್ತನ್ನು ಕೊಡಬೇಡಿ.

ಮೂರು ದಿನ ಅಲುಗಾಡದೆ ಮಲಗುವುದೂ ಕೆಲಸಕ್ಕೆ ಬಾರದ್ದು. ಮೊದಲ ದಿನ ಸ್ವಲ್ಪ ವಿಶ್ರಾಂತಿ, ಎರಡನೇ ದಿನದಿಂದ ಕೈ ಬೀಸಿಕೊಂಡು ಹತ್ತು ಹದಿನೈದು ನಿಮಿಷದ ನಡಿಗೆ.

ನೋವಿರುವ ಜಾಗ ಬೇರೆ, ದೋಷದ ಜಾಗ ಬೇರೆ

ಇಲ್ಲಿಂದ ನನ್ನ ಕಸುಬು ಶುರು. ಮೋಟಾರ್ ಸುಟ್ಟಿದೆ ಅಂದರೆ ದೋಷ ಮೋಟಾರಿನಲ್ಲೇ ಇರಬೇಕು ಅಂತಿಲ್ಲ. ಓಲ್ಟೇಜ್ ಕಡಿಮೆ ಇರಬಹುದು, ಒಂದು ಫೇಸ್ ಹೋಗಿರಬಹುದು, ಪಂಪಿನ ಬೇರಿಂಗ್ ಬಿಗಿದಿರಬಹುದು. ನನ್ನ ಬೆನ್ನನ್ನು ನೋಡಿದ ಫಿಸಿಯೋಥೆರಪಿಸ್ಟ್ ಕೂಡ ನೋವಿನ ಜಾಗವನ್ನು ಮುಟ್ಟಿದ್ದು ಕೊನೆಗೆ. ಮೊದಲು ನೋಡಿದ್ದು ಕತ್ತನ್ನು.

ಯಾಕೆ ಅಂತ ಆಮೇಲೆ ಗೊತ್ತಾಯಿತು. 1959ರಲ್ಲಿ ರಾಲ್ಫ್ ಕ್ಲೋವರ್ಡ್ ಅನ್ನುವ ಅಮೆರಿಕದ ನರಶಸ್ತ್ರ ವೈದ್ಯ, ಕತ್ತಿನ ಕೆಳಭಾಗದ ಡಿಸ್ಕುಗಳನ್ನು (ಮೂಳೆಗಳ ನಡುವಿನ ಮೆತ್ತೆಗಳನ್ನು) ಕೆಣಕಿದಾಗ ರೋಗಿಗಳಿಗೆ ನೋವು ಕತ್ತಿನಲ್ಲಲ್ಲ, ಹೆಗಲ ಹಲಗೆಯ ಒಳ ಅಂಚಿನಲ್ಲಿ ಬರುತ್ತದೆ ಅಂತ ಬರೆದಿಟ್ಟಿದ್ದರು. ನನ್ನ ಮುಷ್ಟಿಯಷ್ಟು ಜಾಗ ಇದೆಯಲ್ಲ, ಅಲ್ಲೇ.

ಮನೆಯಲ್ಲೇ ನೋಡಿಕೊಳ್ಳಬಹುದಾದದ್ದು ಇಷ್ಟು. ನಿಧಾನಕ್ಕೆ ಮೇಲೆ ನೋಡಿ, ನೋವಿರುವ ಕಡೆಗೆ ಕತ್ತು ತಿರುಗಿಸಿ. ಆಗ ನೋವು ಹೆಗಲಿನಿಂದ ತೋಳಿಗೆ, ಬೆರಳಿಗೆ ಕರೆಂಟ್ ಹೊಡೆದ ಹಾಗೆ ಇಳಿದರೆ ನರದ ದೋಷ. ಆ ಕೈಯನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡರೆ ಹಿತ ಅನಿಸಿದರೂ ಅದೇ ಗುಮಾನಿ. ಬೆರಳು ಜೋಮು ಹಿಡಿಯುವುದು, ಲೋಟ ಕೈಜಾರುವುದು ಇದ್ದರೆ ಕೈಪಿಡಿ ಮುಚ್ಚಿಟ್ಟು ಡಾಕ್ಟರ ಹತ್ತಿರ ಹೋಗಿ. ಅದಲ್ಲದೆ, ಗಲ್ಲ ಎದೆಗೆ ತಾಗಿಸಿದಾಗ ಬೆನ್ನಿನ ಆ ಜಾಗ ಎಳೆದ ಹಾಗೆ ಆಗುತ್ತದೆ, ಭುಜಗಳನ್ನು ಹಿಂದಕ್ಕೆ ತಂದು ಹಿಂಡಿದರೆ ಸ್ವಲ್ಪ ಹಾಯೆನಿಸುತ್ತದೆ ಅಂದರೆ ಸ್ನಾಯು ದಣಿದಿದೆ. ನನ್ನದು ಇದೇ ಆಗಿತ್ತು.

ದಣಿದಿದೆ, ಸರಿ. ಯಾವ ಲೋಡಿಗೆ?

ನಾನು ಖಡಾಖಂಡಿತ ಹೇಳುತ್ತಿದ್ದೆ: ಭಾರ ಎತ್ತಿ ಎತ್ತಿ ಹೀಗಾಗಿದೆ ಅಂತ. ಹದಿನೈದು ಎಚ್‌ಪಿ ಮೋಟಾರ್ ಎತ್ತುವ ಕಸುಬು, ಇನ್ನೇನು? ಅಮ್ಮ ಹೇಳುತ್ತಿದ್ದುದು ಶೀತ ಅಂತ. ಹೆಂಡತಿ ಹೇಳುತ್ತಿದ್ದುದು ಹಳೇ ದಿಂಬು ಅಂತ. ಫಿಸಿಯೋಥೆರಪಿಸ್ಟ್ ಹೇಳಿದ್ದು, ಯಾವ ಯಾವ ದಿನ ಹಿಡಿಯಿತು ಬರೆದು ತನ್ನಿ ಅಂತ.

ಬಿಲ್ ಪುಸ್ತಕ ಹೇಳಿದ್ದು

ಬರೆದದ್ದು ಬಿಲ್ ಪುಸ್ತಕದ ಹಿಂದಿನ ಪುಟದಲ್ಲಿ, ಕೈಗೆ ಸಿಕ್ಕಿದ್ದು ಅದು. ಅದರಿಂದ ಒಂದು ಅನುಕೂಲ ಆಯಿತು. ಹಿಡಿದುಕೊಂಡ ದಿನದ ಹಿಂದಿನ ದಿನ ಯಾವ ಮೋಟಾರ್ ಕೈಯಲ್ಲಿತ್ತು ಅನ್ನುವುದೂ ಅದೇ ಪುಸ್ತಕದಲ್ಲಿ ಇತ್ತು.

ಎಂಟು ತಿಂಗಳಲ್ಲಿ ಒಂಬತ್ತು ಸಲ. ಚಳಿಗಾಲದಲ್ಲಿ ಒಂದೇ. ಮಾರ್ಚ್, ಏಪ್ರಿಲ್‌ನಲ್ಲಿ ಐದು. ಅಲ್ಲಿಗೆ ಶೀತದ ವಾದ ಬಿದ್ದುಹೋಯಿತು. ದೊಡ್ಡ ಮೋಟಾರ್ ಎತ್ತಿದ ದಿನದ ಮಾರನೇ ಬೆಳಗ್ಗೆ ಎಷ್ಟು ಸಲ? ಒಂದೂ ಇಲ್ಲ. ದೊಡ್ಡವನ್ನು ನಾವು ಚೈನ್ ಪುಲ್ಲಿಯಲ್ಲಿ ಎತ್ತುತ್ತೇವೆ, ಇಬ್ಬರು ಇರುತ್ತೇವೆ, ಕಾಲು ಊರಿ ಎತ್ತುತ್ತೇವೆ. ಒಂಬತ್ತರಲ್ಲಿ ಏಳು ಸಲ ಹಿಂದಿನ ದಿನದ ಬಿಲ್ಲಿನಲ್ಲಿ ಇದ್ದದ್ದು ಸೀಲಿಂಗ್ ಫ್ಯಾನ್, ಮಿಕ್ಸಿ. ಕೈಬೆರಳಲ್ಲಿ ಎತ್ತುವಂಥ ಸಾಮಾನು! ಉಳಿದೆರಡು ಸಲ, ತಾಮ್ರದ ತಂತಿ ತರಲು ಮೈಸೂರಿಗೆ ಬೈಕಿನಲ್ಲಿ ಹೋಗಿ ಬಂದ ದಿನ.

ಓವರ್‌ಲೋಡ್ ರಿಲೇಯ ಒಳಗೆ ಎರಡು ಲೋಹ ಅಂಟಿಸಿದ ಒಂದು ಪಟ್ಟಿ ಇರುತ್ತದೆ. ಸ್ವಲ್ಪವೇ ಹೆಚ್ಚು ಕರೆಂಟ್ ಬಹಳ ಹೊತ್ತು ಹರಿದರೆ ಅದು ನಿಧಾನಕ್ಕೆ ಕಾದು, ನಿಧಾನಕ್ಕೆ ಬಾಗಿ, ಯಾವಾಗಲೋ ಟ್ರಿಪ್ ಮಾಡುತ್ತದೆ. ಬೆನ್ನಿನ ಸ್ನಾಯುವಿನದೂ ಹೆಚ್ಚುಕಡಿಮೆ ಇದೇ ಲೆಕ್ಕ ಅನ್ನುವುದು ನನಗೆ ಆಗ ಹೊಳೆಯಿತು. ಒಂದು ಸಲ ಭಾರ ಎತ್ತಿ ಇಳಿಸಿದರೆ ಸ್ನಾಯುವಿಗೆ ಬಿಡುವು ಸಿಗುತ್ತದೆ, ರಕ್ತ ಹರಿಯುತ್ತದೆ. ಸಣ್ಣ ಬಿಗಿತವನ್ನೇ ಮೂರು ಗಂಟೆ ಬಿಡದೆ ಹಿಡಿದಿದ್ದರೆ ಬಿಡುವೇ ಇಲ್ಲ. ರಾತ್ರಿ ತಣ್ಣಗಾಗಿ ಬೆಳಗ್ಗೆ ಬಗ್ಗಿದಾಗ ಸೆಟೆಯುತ್ತದೆ. ಹಲ್ಲುಜ್ಜಿದ್ದು ಕಾರಣವಲ್ಲ, ಅದು ಸುಮ್ನೆ ಸಿಕ್ಕಿಬಿದ್ದದ್ದು.

ಹಾಗಾದರೆ ಫ್ಯಾನ್ ಸುತ್ತುವಾಗ ಆಗುತ್ತಿರುವುದೇನು? ಇದನ್ನು ಕಂಡುಹಿಡಿದವನು ಅಂಗಡಿಯ ಹುಡುಗ. "ಅಣ್ಣ, ಪಂಪಿನ ಕಾಯಿಲ್‌ಗೆ ನೆಟ್ಟಗೆ ಕೂರ್ತೀರ. ಫ್ಯಾನ್ ಕಾಯಿಲ್‌ಗೆ ಮುತ್ತು ಕೊಡೋ ಹಾಗೆ ಬಗ್ತೀರ" ಅಂದ. ಫ್ಯಾನಿನ ತಂತಿ ಹೊಲಿಗೆ ದಾರದಷ್ಟು ಸಣ್ಣ. ನನಗೆ ಆಗ ನಲವತ್ನಾಲ್ಕು. ನಲವತ್ತರ ಹೊತ್ತಿಗೆ ಹತ್ತಿರದ್ದು ಮಂಜಾಗುವುದು ಎಲ್ಲರಿಗೂ ಶುರುವಾಗುತ್ತದೆ. ಪೇಪರ್ ಓದುವವರು ಪೇಪರನ್ನು ದೂರ ಹಿಡಿಯುತ್ತಾರೆ. ಬೆಂಚಿಗೆ ಬೋಲ್ಟ್ ಹಾಕಿದ ಸ್ಟೇಟರನ್ನು, ಅಂದರೆ ಕಾಯಿಲ್ ಸುತ್ತುವ ತಿರುಗದ ಭಾಗವನ್ನು, ದೂರ ಹಿಡಿಯಲು ಆಗುತ್ತದಾ? ಬೆಳಕು ಸಾಲದು ಅಂತ ನಾನು ಕತ್ತನ್ನು ಮುಂದೆ ಚಾಚಿ, ಒಂದು ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ ನೋಡುತ್ತಿದ್ದೆ. ಮೂರು ಮೂರು ಗಂಟೆ.

ತಲೆ ಸುಮಾರು ಐದು ಕೆಜಿ. ನೆಟ್ಟಗಿದ್ದರೆ ಮೂಳೆಯ ಕಂಬದ ಮೇಲೆ ಕೂತಿರುತ್ತದೆ. ಕೆನೆತ್ ಹನ್ಸ್‌ರಾಜ್ ಅನ್ನುವ ಬೆನ್ನುಮೂಳೆ ಸರ್ಜನ್ 2014ರಲ್ಲಿ ಒಂದು ಲೆಕ್ಕ ಮಾಡಿದ್ದರು: 60 ಡಿಗ್ರಿ ಬಗ್ಗಿದರೆ ಕತ್ತಿನ ಮೇಲೆ ಬೀಳುವ ಬಲ ಸುಮಾರು 27 ಕೆಜಿ. ಅದು ಕಂಪ್ಯೂಟರ್ ಮಾದರಿಯ ಲೆಕ್ಕ, ಮನುಷ್ಯರ ಮೇಲೆ ಅಳೆದದ್ದಲ್ಲ. ಆದರೂ ಅಂಗಡಿಯ 25 ಕೆಜಿ ಅಕ್ಕಿ ಮೂಟೆಯನ್ನು ಕತ್ತಿಗೆ ನೇತುಹಾಕಿಕೊಂಡು ಫ್ಯಾನ್ ಸುತ್ತುತ್ತಿದ್ದೆ ಅಂದುಕೊಂಡರೆ ಆ ಇಕ್ಕಳ ಎಲ್ಲಿಂದ ಬಂತು ಅನ್ನುವುದು ಅರ್ಥವಾಗುತ್ತದೆ.

ಬೆನ್ನಿನ ದೋಷ ಕಣ್ಣಿನಲ್ಲಿತ್ತು.

ಬದಲಾಯಿಸಿದ್ದು, ಒಂದೊಂದಾಗಿ

ಒಂದೇ ಸಲ ನಾಲ್ಕು ಬಿಡಿಭಾಗ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಮೊದಲು ಬದಲಾಗಿದ್ದು ದಿಂಬು, ಮನೆಯ ಒತ್ತಾಯಕ್ಕೆ. ಏನೂ ವ್ಯತ್ಯಾಸ ಇಲ್ಲ. ಬೋರಲು ಮಲಗುವವರು, ಎರಡು ದಿಂಬು ಒಟ್ಟುವವರು ನೋಡಿಕೊಳ್ಳಿ, ನಾನು ಅವರಲ್ಲಿ ಒಬ್ಬನಲ್ಲ.

ಆಮೇಲೆ ಕನ್ನಡಕ. ಇಲ್ಲಿ ಎರಡು ಸಲ ಎಡವಿದೆ. ಮೊದಲು ರಸ್ತೆ ಬದಿಯಲ್ಲಿ ಸಿಗುವ ರೆಡಿಮೇಡ್ ಕನ್ನಡಕ, ಪ್ಲಸ್ 2.5. ತಂತಿ ಫಳಫಳ ಕಾಣಿಸಿತು. ಆದರೆ ಆ ಪವರ್ ಪುಸ್ತಕ ಓದುವ ದೂರಕ್ಕೆ. ಅದು ಕಾಣಬೇಕಾದರೆ ಮುಖ ಇನ್ನೂ ಹತ್ತಿರ ಹೋಗಬೇಕು! ಬಗ್ಗುವುದು ಮೊದಲಿಗಿಂತ ಜಾಸ್ತಿ ಆಯಿತು. ಎರಡನೆಯದು ಬೈಫೋಕಲ್. ಅದರಲ್ಲಿ ಹತ್ತಿರ ನೋಡುವ ಭಾಗ ಕೆಳಗಿರುತ್ತದೆ. ಎದುರಿಗಿರುವ ಸ್ಟೇಟರನ್ನು ಆ ಕಿಂಡಿಯಲ್ಲಿ ನೋಡಲು ಗಲ್ಲ ಮೇಲೆತ್ತಬೇಕು. ಈ ಸಲ ನೋವು ಕತ್ತಿನ ಹಿಂಭಾಗಕ್ಕೆ ಬಂತು. ಕಂಪ್ಯೂಟರ್ ಮುಂದೆ ಬೈಫೋಕಲ್ ಹಾಕಿ ಕೂರುವವರಿಗೂ ಇದೇ ಕಥೆ. ಹೆಬ್ಬಾಳದ ಐಟಿ ಕಂಪನಿಗೆ ಹೋಗುವ ನನ್ನ ಭಾವಮೈದುನ ಇದನ್ನು ಕೇಳಿ ತನ್ನ ಗಲ್ಲ ಮುಟ್ಟಿ ನೋಡಿಕೊಂಡ.

ಮೂರನೇ ಸಲ ಟೇಪು ಹಿಡಿದು ಅಳೆದೆ. ನೆಟ್ಟಗೆ ಕೂತಾಗ ಕಣ್ಣಿನಿಂದ ಕಾಯಿಲ್‌ವರೆಗೆ 20 ಇಂಚು. ಆ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಕಣ್ಣು ಪರೀಕ್ಷೆಗೆ ಹೋಗಿ, "ಓದಲು ಅಲ್ಲ, ಈ ದೂರಕ್ಕೆ ಬೇಕು" ಅಂದೆ. ಒಂದೇ ಪವರಿನ ಗಾಜು, ಕೆಲಸಕ್ಕೆ ಮಾತ್ರ. ಹೊಲಿಗೆಯವರು, ಅಕ್ಕಸಾಲಿಗಳು, ಮೊಬೈಲ್ ರಿಪೇರಿಯವರು ಈ ಒಂದು ಕೆಲಸ ಮಾಡಿದರೆ ಸಾಕು ಅನ್ನುವಷ್ಟು ನನಗೆ ಇದರ ಮೇಲೆ ನಂಬಿಕೆ.

ಬೆಂಚಿನ ಎತ್ತರ ಅದರ ಮುಂದಿನದು. ನಮ್ಮಪ್ಪನ ಕಾಲದ ಬೆಂಚು, ಕುಳ್ಳು. ಕಣ್ಣಿಟ್ಟು ಮಾಡುವ ಸಣ್ಣ ಕೆಲಸಕ್ಕೆ ಬೆಂಚು ಮೊಣಕೈಗಿಂತ ಒಂದೆರಡು ಇಂಚು ಮೇಲಿರಬೇಕು, ಸುತ್ತಿಗೆ ಹೊಡೆಯುವ ಕೆಲಸಕ್ಕೆ ಮೊಣಕೈಗಿಂತ ಕೆಳಗೆ. ಎರಡಕ್ಕೂ ಒಂದೇ ಬೆಂಚು ಅಂದರೆ ಎರಡರಲ್ಲಿ ಒಂದು ತಪ್ಪೇ. ಫ್ಯಾನ್ ಸುತ್ತುವ ಬೆಂಚಿನ ಕಾಲಿಗೆ ಸಿಮೆಂಟ್ ಇಟ್ಟಿಗೆ ಕೊಟ್ಟು ಎಂಟು ಇಂಚು ಎತ್ತರಿಸಿದೆ, ಮೊಣಕೈ ಊರಲು ಒಂದು ಪಟ್ಟಿ ಹೊಡೆದೆ. ಲ್ಯಾಪ್‌ಟಾಪಿನವರಿಗೂ ಇದೇ: ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಪುಸ್ತಕ ಒಟ್ಟಿ, ಕೀಬೋರ್ಡು ಬೇರೆ ಇಟ್ಟುಕೊಳ್ಳಿ.

ಬಿಡುವಿಗೆ ಗಡಿಯಾರ ನೋಡುವುದು ನನ್ನಿಂದ ಆಗದ ಮಾತು. ನಾನು ಹೆಚ್ಚಾಗಿ ಸುತ್ತುವ ಫ್ಯಾನಿಗೆ ಒಳಗೆ 14, ಹೊರಗೆ 14 ಕಾಯಿಲ್. ಏಳು ಕಾಯಿಲ್ ಆದ ಕೂಡಲೇ ಏಳುತ್ತೇನೆ. ಎದ್ದು ಭುಜ ಹತ್ತು ಸಲ ಹಿಂದಕ್ಕೆ ಸುತ್ತಿಸಿ, ಕೈಗಳನ್ನು ತಲೆಯ ಹಿಂದೆ ಕಟ್ಟಿ ಎದೆ ಮೇಲೆತ್ತಿ ಎರಡು ಉಸಿರು. ಅರ್ಧ ನಿಮಿಷ. ನಿಮ್ಮ ಕೆಲಸದಲ್ಲೂ ಎಣಿಸುವಂಥದ್ದು ಏನಾದರೂ ಇರುತ್ತದೆ, ಅದಕ್ಕೆ ಗಂಟು ಹಾಕಿ.

ಉಳಿದ ಆ ಎರಡು ಬೈಕಿನ ಸಲ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. 2023ರ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲಿ ಕುಲುಕುತ್ತಾ ಹೋಗಬೇಕು. ತಂತಿಯ ಚೀಲ ಒಂದೇ ಹೆಗಲಿಗೆ ನೇತುಹಾಕಿದ್ದೆ. ಆ ಚೀಲ ಜಾರದಿರಲಿ ಅಂತ ಹೆಗಲು ತಾನಾಗಿ ಮೇಲೇರಿ ನಿಂತಿರುತ್ತದೆ, ಇಡೀ ದಾರಿ. ಈಗ ತಂತಿ ಸೀಟಿನ ಹಿಂದೆ ರಬ್ಬರ್ ಕಟ್ಟಿ ಬರುತ್ತದೆ. ಜಾಸ್ತಿ ಇದ್ದರೆ ರೈಲು.

ಮನೆಯಲ್ಲೂ ಒಂದು ದೋಷ ಸಿಕ್ಕಿತು. ಹೆಂಡತಿಗೂ ಹೆಗಲ ಮೇಲೆ ಹಿಡಿಯುತ್ತಿತ್ತು. ಅಡುಗೆಕಟ್ಟೆ ಎತ್ತರ, ಅದರ ಮೇಲೆ ಒಲೆ, ಒಲೆಯ ಮೇಲೆ ಮುದ್ದೆ ಪಾತ್ರೆ. ಹೆಗಲು ಕಿವಿಗೆ ತಾಗಿಸಿಕೊಂಡು ಹಿಟ್ಟು ತೊಳಸುತ್ತಿದ್ದಳು. ಅಮ್ಮ ಮೊದಲಿನ ಹಾಗೆ ಪಾತ್ರೆ ಕೆಳಗಿಳಿಸಿ, ಕವೆಗೋಲು ಸಿಕ್ಕಿಸಿ, ಕಾಲಲ್ಲಿ ಒತ್ತಿಹಿಡಿದು, ಮೈಯ ಭಾರದಲ್ಲಿ ತೊಳಸಿ ತೋರಿಸಿದರು. ಹಳಬರು ಕೆಲವು ವಿಷಯ ಸರಿಯಾಗೇ ಮಾಡುತ್ತಿದ್ದರು.

ಸೈಕಲ್ ಟ್ಯೂಬು

ಲೋಡ್ ಇಳಿಸಿದ್ದು ಅರ್ಧ ಕೆಲಸ. ಇನ್ನರ್ಧ, ತಂತಿ ದಪ್ಪ ಮಾಡುವುದು, ಅಂದರೆ ಸ್ನಾಯುವಿಗೆ ಬಲ ತುಂಬುವುದು. ಹಳೇ ಸೈಕಲ್ ಟ್ಯೂಬ್ ಒಂದನ್ನು ಕಿಟಕಿ ಸರಳಿಗೆ ಸಿಕ್ಕಿಸಿ, ಎರಡು ತುದಿ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಉಜ್ಜಿದ ಹಾಗೆ ಹಿಂದಕ್ಕೆ ಎಳೆಯಿರಿ. ಹೆಗಲ ಹಲಗೆ ಎರಡೂ ಹತ್ತಿರ ಬರಬೇಕು, ಭುಜ ಕಿವಿಯ ಕಡೆ ಏರಬಾರದು. ಎಣಿಸಿ ಮೂರು ಹಿಡಿದು ನಿಧಾನಕ್ಕೆ ಬಿಡಿ. ಹನ್ನೆರಡು ಸಲ, ಎರಡು ಮೂರು ಸುತ್ತು, ವಾರಕ್ಕೆ ಮೂರು ದಿನ. ಅದರ ಜೊತೆ ಗೋಡೆಗೆ ಬೆನ್ನು, ತಲೆ ತಾಗಿಸಿ ನಿಂತು ಗಲ್ಲವನ್ನು ಒಳಕ್ಕೆ ಎಳೆದುಕೊಳ್ಳುವುದು, ಐದು ಎಣಿಕೆ, ಹತ್ತು ಸಲ. ಇಷ್ಟೇ ನನ್ನದು. ಹಿಡಿದುಕೊಂಡಿರುವ ದಿನ ಬೇಡ, ಬಿಟ್ಟ ಮೇಲೆ. ಫಲ ಕಾಣಲು ಆರರಿಂದ ಎಂಟು ವಾರ ಬೇಕು. ಎರಡನೇ ವಾರಕ್ಕೇ ಸಾಕು ಅನಿಸುತ್ತದೆ, ನನಗೂ ಅನಿಸಿತ್ತು. ಬಾಳೆಹಣ್ಣು, ಮೆಗ್ನೀಸಿಯಂ ಮಾತ್ರೆ ಅಂತ ಹೇಳುವವರು ಸಿಗುತ್ತಾರೆ. ಬಾಳೆಹಣ್ಣು ತಿನ್ನಿ, ಹೊಟ್ಟೆಗೆ ಒಳ್ಳೆಯದು. ಬಗ್ಗಿ ಕೂತು ಬಂದ ಹಿಡಿತ ಅದರಿಂದ ಹೋಗುವುದಿಲ್ಲ.

ಇಷ್ಟಾದ ಮೇಲೂ ಎರಡು ವಾರ ಬಿಡದೆ ನೋವಿದ್ದರೆ, ಅಥವಾ ತಿಂಗಳು ತಿಂಗಳಿಗೆ ಹತ್ತಿರ ಹತ್ತಿರ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಹೋಗುವಾಗ ದಿನಾಂಕ ಬರೆದ ಚೀಟಿ ಕೈಯಲ್ಲಿರಲಿ. "ಯಾವಾಗಲೂ ನೋವು ಸಾರ್" ಅನ್ನುವುದಕ್ಕಿಂತ ಅದು ಮೇಲು.

ಆ ವರ್ಷದ ಉಳಿದ ತಿಂಗಳಲ್ಲಿ ಎರಡು ಸಲ ಹಿಡಿಯಿತು, ಎರಡೂ ಒಂದೇ ದಿನಕ್ಕೆ ಬಿಟ್ಟಿತು. ಮುಂದಿನ ಬೇಸಿಗೆಯಲ್ಲಿ ಒಂದು, ಅದು ಕನ್ನಡಕ ಮನೆಯಲ್ಲಿ ಮರೆತ ದಿನ.

ಆದರೆ ಒಂದು ರಿಪೇರಿ ಇನ್ನೊಂದು ದೋಷ ತರುವುದೂ ಉಂಟಲ್ಲ. ಬೆಂಚು ಎತ್ತರಿಸಿದ ತಿಂಗಳಿಗೆ ಹುಡುಗ ಕತ್ತು ಉಜ್ಜಿಕೊಳ್ಳುತ್ತಾ ನಿಂತ. ಅವನು ನನಗಿಂತ ಗೇಣುದ್ದ ಕುಳ್ಳ. ನನಗೆ ಸರಿಯಾದ ಬೆಂಚಿಗೆ ಅವನು ಭುಜ ಎತ್ತಿ ಎತ್ತಿ ಸುತ್ತುತ್ತಿದ್ದ, ಮುದ್ದೆ ತೊಳಸಿದ ಹಾಗೆ. ಹಳೇ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಬಡಿದು ಆರು ಇಂಚಿನ ಒಂದು ಮಣೆ ಮಾಡಿಕೊಟ್ಟಿದ್ದೇನೆ. ಅವನು ಅದರ ಮೇಲೆ ನಿಂತುಕೊಳ್ಳುತ್ತಾನೆ. ನಾನು ಬಂದರೆ ಕಾಲಲ್ಲಿ ಪಕ್ಕಕ್ಕೆ ಸರಿಸುತ್ತಾನೆ.